ಅಪ್ರೆಂಟಿಸ್‌ಶಿಪ್ ಮೂಲಕ ಕೈಗಾರಿಕಾ ಎಲೆಕ್ಟ್ರಿಷಿಯನ್ ಆಗುವುದು ಹೇಗೆ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. ಮನೆಗಳ ವೈರಿಂಗ್ ಮಾಡಿದ ಅನುಭವವಿರುವವರು ಕಾರ್ಖಾನೆಯ ಕೆಲಸಕ್ಕೆ ನೇರವಾಗಿ ಇಳಿಯಬಹುದೇ? ತರಗತಿಯಲ್ಲಿ ಓದಿ ಮುಗಿಸಿದ ಮೇಲೂ ಅಪ್ರೆಂಟಿಸ್ ಆಗಿ ವರ್ಷಗಟ್ಟಲೆ ಕಳೆಯುವ ಅಗತ್ಯವಿದೆಯೇ? ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಕೋರ್ಸ್ ಒಂದನ್ನು ಮಾಡಿಬಿಟ್ಟರೆ ಅಷ್ಟು ಸಾಕೇ? ಮೊದಲನೆಯದಕ್ಕೂ ಮೂರನೆಯದಕ್ಕೂ ನನ್ನ ಉತ್ತರ ‘ಇಲ್ಲ’ ಎಂದು. ಎರಡನೆಯದಕ್ಕೆ ‘ಹೌದು’ ಎಂದು. ಹಾಗೇಕೆ ಎಂಬುದು ಮುಂದಿನ ಹಂತಗಳನ್ನು ಓದಿದಾಗ ತಿಳಿಯುತ್ತದೆ.

ಉದ್ಯೋಗದಾತರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು, ಶಿಷ್ಯವೇತನ ಪಡೆಯುತ್ತಾ, ಅನುಭವಿಗಳ ಕೈಕೆಳಗೆ ಕಸುಬು ಕಲಿಯುವ ನಿಗದಿತ ಅವಧಿಯನ್ನು ಅಪ್ರೆಂಟಿಸ್‌ಶಿಪ್ ಎನ್ನುತ್ತಾರೆ. ಅವಧಿ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಜರ್ಮನಿಯಲ್ಲಿ ಈ ಕಸುಬಿಗೆ ಮೂರೂವರೆ ವರ್ಷ. ಅಮೆರಿಕದಲ್ಲಿ ಸಾಮಾನ್ಯವಾಗಿ 8,000 ಗಂಟೆಗಳ ಕೆಲಸ, ಅಂದರೆ ಸುಮಾರು ನಾಲ್ಕು ವರ್ಷ. ಇನ್ನು ಕೆಲವೆಡೆ ಮೊದಲು ತರಬೇತಿ ಸಂಸ್ಥೆಯಲ್ಲಿ ಓದಿ ಆನಂತರ ಕಾರ್ಖಾನೆಗೆ ಹೋಗುವ ಪದ್ಧತಿಯಿದೆ. ಆದರೆ ಕಲಿಯಬೇಕಾದ ವಿಷಯವೂ ಕಲಿಯುವ ಕ್ರಮವೂ ಎಲ್ಲೆಡೆ ಹೆಚ್ಚುಕಡಿಮೆ ಒಂದೇ.

ಹಂತ 1: ಕೆಲಸದ ಸ್ವರೂಪವನ್ನು ತಿಳಿದುಕೊಳ್ಳಿ

ಮನೆಯ ವಿದ್ಯುತ್ ಕೆಲಸದಲ್ಲಿ ಹೆಚ್ಚಿನ ಭಾಗ ಹೊಸದಾಗಿ ಅಳವಡಿಸುವುದು. ಕಾರ್ಖಾನೆಯಲ್ಲಿ ಹೆಚ್ಚಿನ ಭಾಗ ಈಗಾಗಲೇ ಓಡುತ್ತಿರುವ ಯಂತ್ರವನ್ನು ಓಡುತ್ತಲೇ ಇರುವಂತೆ ನೋಡಿಕೊಳ್ಳುವುದು. ಮೂರು ಫೇಸ್‌ಗಳ ಮೋಟಾರುಗಳು, ಅವುಗಳನ್ನು ಚಾಲೂ ಮಾಡುವ ಸ್ಟಾರ್ಟರ್‌ಗಳು, ವೇಗ ನಿಯಂತ್ರಿಸುವ ಡ್ರೈವ್‌ಗಳು, ಕಂಟ್ರೋಲ್ ಪ್ಯಾನೆಲ್‌ಗಳು, ಸೆನ್ಸರ್‌ಗಳು, ಟ್ರಾನ್ಸ್‌ಫಾರ್ಮರ್‌ಗಳು ಇವೆಲ್ಲ ಕೈಗಾರಿಕಾ ಎಲೆಕ್ಟ್ರಿಷಿಯನ್ನನ ನಿತ್ಯದ ಒಡನಾಟದಲ್ಲಿರುತ್ತವೆ. ಪಾಳಿಯಲ್ಲಿ ದುಡಿಯಬೇಕಾಗುತ್ತದೆ, ರಾತ್ರಿ ಎರಡು ಗಂಟೆಗೆ ಯಂತ್ರ ನಿಂತರೆ ಸುತ್ತ ಹತ್ತು ಜನ ನಿಂತು ನೋಡುತ್ತಿರುವಾಗ ದೋಷ ಹುಡುಕಬೇಕಾಗುತ್ತದೆ. ಆ ಒತ್ತಡದಲ್ಲಿಯೂ ಅವಸರಪಡದೆ ಯೋಚಿಸುವುದು ಈ ಕಸುಬಿನ ಅರ್ಧಭಾಗ. ಅದು ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂದು ಮೊದಲೇ ಯೋಚಿಸಿ.

ಇನ್ನೊಂದು ವಿಷಯ: ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನು ಪರೀಕ್ಷಿಸಿಕೊಳ್ಳಿ. ತಂತಿಗಳ ಬಣ್ಣ ತಿಳಿಯದವರಿಗೆ ಈ ಕೆಲಸ ಅಪಾಯಕಾರಿ. ಆಯ್ಕೆಯ ಕೊನೆಯಲ್ಲಿ ವೈದ್ಯಕೀಯ ತಪಾಸಣೆಯಲ್ಲಿ ಅದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಒಳ್ಳೆಯದು.

ಹಂತ 2: ಅರ್ಜಿಗೆ ಮುನ್ನ ಸಿದ್ಧತೆ

ಗಣಿತದಲ್ಲಿ ನಿಮಗೆ ಬೇಕಾದದ್ದು ಭಿನ್ನರಾಶಿ, ಶೇಕಡಾವಾರು, ಸಮೀಕರಣದ ಒಂದು ಪದವನ್ನು ಬೇರ್ಪಡಿಸಿ ಬರೆಯುವುದು, ವರ್ಗಮೂಲ ಮತ್ತು ತ್ರಿಕೋನಮಿತಿಯ ಪ್ರಾಥಮಿಕ ಪರಿಚಯ, ಇಷ್ಟೇ. ಭೌತಶಾಸ್ತ್ರದಲ್ಲಿ ಓಮನ ನಿಯಮ, ಶಕ್ತಿ ಮತ್ತು ಸಾಮರ್ಥ್ಯದ ನಡುವಣ ವ್ಯತ್ಯಾಸ, ಸರಣಿ ಮತ್ತು ಸಮಾನಾಂತರ ಜೋಡಣೆ ಗಟ್ಟಿಯಾಗಿರಲಿ. ಸೂತ್ರವನ್ನು ಬಾಯಿಪಾಠ ಮಾಡಿದವರು ಆಯ್ಕೆ ಪರೀಕ್ಷೆಯಲ್ಲಿ ಪಾರಾಗಬಹುದು. ಪ್ಯಾನೆಲ್ ಮುಂದೆ ನಿಂತಾಗ ಮಾತ್ರ, ವೋಲ್ಟೇಜ್ ಇದ್ದೂ ಕರೆಂಟ್ ಹರಿಯುತ್ತಿಲ್ಲವೆಂದರೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ ಎಂದು ತಟ್ಟನೆ ಹೊಳೆಯುವಷ್ಟು ಅರ್ಥವಾಗಿರಬೇಕು.

ಹಂತ 3: ಸ್ಥಳದ ಆಯ್ಕೆ ಮತ್ತು ಒಪ್ಪಂದ

ಹೆಚ್ಚಿನವರು ಶಿಷ್ಯವೇತನದ ಮೊತ್ತ ನೋಡಿ ಕಂಪನಿಯನ್ನು ಆರಿಸುತ್ತಾರೆ. ಇದು ನಾನು ಕಂಡ ಅತಿ ದುಬಾರಿಯ ತಪ್ಪು. ಮೂರು-ನಾಲ್ಕು ವರ್ಷ ಒಂದೇ ಬಗೆಯ ಯಂತ್ರದ ಬಳಿ ನಿಂತು ಕೇಬಲ್ ಎಳೆಯುವುದನ್ನು ಮಾತ್ರ ಕಲಿತವರಿಗೆ ಪ್ರಮಾಣಪತ್ರ ಸಿಗುತ್ತದೆ, ಕಸುಬು ಕೈಗೆ ಹತ್ತಿರುವುದಿಲ್ಲ. ಸಹಿ ಹಾಕುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಪಡೆಯಿರಿ.

ಒಪ್ಪಂದವು ಸರ್ಕಾರದ ಅಥವಾ ಅಧಿಕೃತ ಮಂಡಳಿಯ ಬಳಿ ನೋಂದಣಿಯಾಗುತ್ತದೆಯೇ, ಕೊನೆಯಲ್ಲಿ ಪ್ರಮಾಣಪತ್ರ ಕೊಡುವವರು ಯಾರು? ನೋಂದಣಿಯಾಗದ ‘ತರಬೇತಿ’ ಎಷ್ಟೋ ಬಾರಿ ಕಡಿಮೆ ಸಂಬಳದ ಕೂಲಿಯಷ್ಟೇ ಆಗಿರುತ್ತದೆ. ಮೇಂಟೆನೆನ್ಸ್, ಪ್ಯಾನೆಲ್ ಜೋಡಣೆ, ಮೋಟಾರ್ ದುರಸ್ತಿ, ಇನ್‌ಸ್ಟ್ರುಮೆಂಟೇಶನ್, ಅಂದರೆ ಉಷ್ಣತೆ, ಒತ್ತಡ, ಮಟ್ಟ ಮುಂತಾದವನ್ನು ಅಳೆಯುವ ಉಪಕರಣಗಳ ವಿಭಾಗ, ಇವುಗಳಲ್ಲಿ ಸರದಿಯಂತೆ ನಿಮ್ಮನ್ನು ಇರಿಸುತ್ತಾರೆಯೇ? ತರಗತಿಯ ಪಾಠಕ್ಕೆ ಪ್ರತ್ಯೇಕ ದಿನಗಳಿವೆಯೇ, ಆ ದಿನಗಳಿಗೂ ಶಿಷ್ಯವೇತನ ಬರುತ್ತದೆಯೇ? ನಿಮಗೆ ಕಲಿಸುವ ಅರ್ಹ ಎಲೆಕ್ಟ್ರಿಷಿಯನ್ ಯಾರು, ಅವರ ಕೈಕೆಳಗೆ ಎಷ್ಟು ಜನ ಅಪ್ರೆಂಟಿಸ್‌ಗಳಿದ್ದಾರೆ? ಅಪಘಾತವಾದರೆ ವಿಮೆ ಯಾರದು? ಸುರಕ್ಷತಾ ಬೂಟು, ಕೈಗವಸು, ಕನ್ನಡಕ ಯಾರು ಕೊಡುತ್ತಾರೆ? ಮುಖಕ್ಕೆ ಮುಖ ಕೇಳಲು ಸಂಕೋಚವಾದರೆ ಅಲ್ಲಿ ಈಗ ಎರಡನೆಯ ವರ್ಷದಲ್ಲಿರುವ ಅಪ್ರೆಂಟಿಸ್ ಒಬ್ಬರನ್ನು ಕಂಡು, ಕಳೆದ ತಿಂಗಳು ಅವರು ಮಾಡಿದ ಕೆಲಸವೇನು ಎಂದು ವಿಚಾರಿಸಿ. ಆ ಒಂದು ಉತ್ತರದಲ್ಲೇ ಬಹಳಷ್ಟು ತಿಳಿದುಬಿಡುತ್ತದೆ. ಸೀಟು ಕೊಡಿಸುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ. ಅಪ್ರೆಂಟಿಸ್‌ಶಿಪ್‌ನಲ್ಲಿ ಹಣ ಬರಬೇಕಾದದ್ದು ನಿಮ್ಮ ಕಡೆಗೆ.

ಹಂತ 4: ಆಯ್ಕೆ

ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಸಂದರ್ಶನ, ಕೆಲವೆಡೆ ಸಣ್ಣ ಪ್ರಾಯೋಗಿಕ ಪರೀಕ್ಷೆ ಇರುತ್ತವೆ. ಸಂದರ್ಶನದಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ‘ಗೊತ್ತಿಲ್ಲ’ ಎನ್ನಿ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ನಟಿಸುವವರನ್ನು ಪ್ಯಾನೆಲ್ ಹತ್ತಿರ ಬಿಡಲು ಯಾವ ಅನುಭವಿ ಮೇಲ್ವಿಚಾರಕರೂ ಒಪ್ಪುವುದಿಲ್ಲ.

ಹಂತ 5: ಮೊದಲ ತಿಂಗಳುಗಳು — ವಿದ್ಯುತ್ ಇಲ್ಲವೆಂದು ಸಾಬೀತುಪಡಿಸುವುದು

ಈ ಹಂತವನ್ನು ಅವಸರದಲ್ಲಿ ದಾಟಬೇಡಿ. ಉಳಿದ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ. ಸುಮಾರು 10 ಮಿಲಿಆಂಪಿಯರ್ ಪರ್ಯಾಯ ವಿದ್ಯುತ್ ದೇಹದಲ್ಲಿ ಹರಿದರೆ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗದೆ ಹೋಗಬಹುದು. ಒಂದು ಸಣ್ಣ ಇಂಡಿಕೇಟರ್ ದೀಪ ಬಳಸುವ ಕರೆಂಟಿಗೆ ಸಮವಾದದ್ದು ಅದು. ಜೀವರಕ್ಷಣೆಗೆಂದು ಹಾಕುವ ಆರ್‌ಸಿಡಿ, ಅಂದರೆ ಭೂಮಿಗೆ ಸೋರುವ ಕರೆಂಟನ್ನು ಗುರುತಿಸಿ ಸರಬರಾಜು ಕಡಿಯುವ ಸಾಧನ, ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಎರಡು ಫೇಸ್‌ಗಳ ನಡುವೆ ನೀವು ಸಿಕ್ಕಿಕೊಂಡರೆ ಕರೆಂಟು ಭೂಮಿಗೆ ಸೋರುವುದಿಲ್ಲವಾದ್ದರಿಂದ ಅದು ನಿಮ್ಮನ್ನು ಕಾಪಾಡಲಾರದು.

ಆದ್ದರಿಂದ ಕೆಲಸದ ಮುನ್ನ ಸರಬರಾಜನ್ನು ಕಡಿದು ಬೀಗ ಹಾಕುವ ಕ್ರಮವಿದೆ. ಇದನ್ನು ಲಾಕ್‌ಔಟ್-ಟ್ಯಾಗ್‌ಔಟ್ ಎನ್ನುತ್ತಾರೆ.

ಮೊದಲು ಡ್ರಾಯಿಂಗ್ ನೋಡಿ, ಆ ಯಂತ್ರಕ್ಕೆ ಎಲ್ಲೆಲ್ಲಿಂದ ವಿದ್ಯುತ್ ಬರುತ್ತದೆ ಎಂದು ಪಟ್ಟಿ ಮಾಡಿ; ಯಂತ್ರ ನಡೆಸುವವರಿಗೆ ತಿಳಿಸಿ. ಯಂತ್ರವನ್ನು ಕ್ರಮದಂತೆ ನಿಲ್ಲಿಸಿ, ಐಸೊಲೇಟರ್, ಅಂದರೆ ಸರಬರಾಜು ಕಡಿಯುವ ಮುಖ್ಯ ಸ್ವಿಚ್, ತೆರೆಯಿರಿ. ಅದಕ್ಕೆ ನಿಮ್ಮದೇ ಬೀಗ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ, ಹೆಸರಿನ ಚೀಟಿ ಕಟ್ಟಿ. ಐದು ಜನ ಕೆಲಸ ಮಾಡುತ್ತಿದ್ದರೆ ಐದು ಬೀಗಗಳಿರಬೇಕು. ಆಮೇಲೆ ಉಳಿದುಕೊಂಡಿರುವ ಶಕ್ತಿಯನ್ನು ಇಳಿಸಿ: ಕೆಪಾಸಿಟರಿನಲ್ಲಿನ ಚಾರ್ಜ್, ಸಿಲಿಂಡರಿನಲ್ಲಿನ ಗಾಳಿಯ ಒತ್ತಡ, ಮೇಲೆತ್ತಿ ನಿಂತ ಭಾರ, ಬಿಗಿದ ಸ್ಪ್ರಿಂಗ್. ಕೊನೆಯದಾಗಿ ಅಳೆಯಿರಿ. ಟೆಸ್ಟರನ್ನು ಮೊದಲು ವಿದ್ಯುತ್ ಇರುವುದು ಖಚಿತವಾದ ಕಡೆ ಇಟ್ಟು ನೋಡಿ, ನಂತರ ನೀವು ಮುಟ್ಟಬೇಕಾದ ಜಾಗದಲ್ಲಿ ಅಳೆದು, ಮತ್ತೊಮ್ಮೆ ಮೊದಲಿನ ಕಡೆ ಇಟ್ಟು ಟೆಸ್ಟರ್ ಇನ್ನೂ ಸರಿಯಾಗಿದೆಯೇ ಎಂದು ಖಾತ್ರಿಮಾಡಿಕೊಳ್ಳಿ. ಮೂರು ಫೇಸ್, ನ್ಯೂಟ್ರಲ್ ಮತ್ತು ಅರ್ಥ್ ಇರುವ ಕಡೆ ಒಟ್ಟು ಹತ್ತು ಅಳತೆಗಳಾಗುತ್ತವೆ: ಫೇಸ್‌ಗಳ ನಡುವೆ ಮೂರು, ಫೇಸ್‌ನಿಂದ ನ್ಯೂಟ್ರಲ್‌ಗೆ ಮೂರು, ಫೇಸ್‌ನಿಂದ ಅರ್ಥ್‌ಗೆ ಮೂರು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು. ಒಂದು ಕಡಿಮೆಯಾದರೂ ಕೆಲಸ ಪೂರ್ಣವಾಗಿಲ್ಲ.

ಇಲ್ಲಿ ಹೊಸಬರು ಎಡವುವ ಜಾಗಗಳು ಕೆಲವು. ಸ್ಕ್ರೂಡ್ರೈವರ್ ಆಕಾರದ ದೀಪದ ಟೆಸ್ಟರನ್ನಾಗಲಿ, ಮುಟ್ಟದೆಯೇ ಬೆಳಗುವ ಪೆನ್ನನ್ನಾಗಲಿ ನಂಬಿ ‘ಕರೆಂಟ್ ಇಲ್ಲ’ ಎಂದು ತೀರ್ಮಾನಿಸಬಾರದು. ಮಲ್ಟಿಮೀಟರಿನ ಕೆಂಪು ತಂತಿಯನ್ನು ಆಂಪಿಯರ್ ರಂಧ್ರದಲ್ಲಿಯೇ ಮರೆತು ವೋಲ್ಟೇಜ್ ಅಳೆಯಹೊರಟರೆ ಮೀಟರಿನ ಮೂಲಕ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಸರಿಯಾದ ಫ್ಯೂಸ್ ಇಲ್ಲದ ಅಗ್ಗದ ಮೀಟರ್ ಕೈಯಲ್ಲೇ ಸಿಡಿಯಬಹುದು. ಕಾರ್ಖಾನೆಯ ಪ್ಯಾನೆಲ್‌ಗಳಿಗೆ ಕನಿಷ್ಠ ‘ಕ್ಯಾಟ್ 3’ (ಹಠಾತ್ತನೆ ಏರುವ ವೋಲ್ಟೇಜನ್ನು ತಾಳುವ ದರ್ಜೆ) ಎಂದು ಮುದ್ರಿತವಾದ, 600 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ತಕ್ಕ ಮೀಟರ್ ಬೇಕು. ಸರಬರಾಜು ಒಳಬರುವ ಜಾಗದಲ್ಲಿ ‘ಕ್ಯಾಟ್ 4’. ಉಂಗುರ, ಲೋಹದ ಪಟ್ಟಿಯ ವಾಚು, ಕತ್ತಿನ ಸರ ಮನೆಯಲ್ಲಿರಲಿ.

ಐಸೊಲೇಟರ್ ತೆರೆದ ಮೇಲೂ ಪ್ಯಾನೆಲ್‌ನಲ್ಲಿ ಕೆಲವು ತಂತಿಗಳು ಜೀವಂತವಾಗಿರಬಹುದು. ಪಕ್ಕದ ಯಂತ್ರದಿಂದ ಬಂದ ಇಂಟರ್‌ಲಾಕ್ ತಂತಿಗಳು, ಅಂದರೆ ಒಂದು ಯಂತ್ರದ ಸ್ಥಿತಿಗೆ ತಕ್ಕಂತೆ ಇನ್ನೊಂದನ್ನು ತಡೆಯುವ ತಂತಿಗಳು, ಅಂಥವು. ಯಂತ್ರಗಳ ವಿದ್ಯುತ್ ಸುರಕ್ಷತೆಯ ಐಇಸಿ 60204-1 ಮಾನದಂಡ ಇಂಥ ತಂತಿಗಳಿಗೆ ಕಿತ್ತಳೆ ಬಣ್ಣವನ್ನು ಸೂಚಿಸುತ್ತದೆ. ಹಳೆಯ ಯಂತ್ರಗಳಲ್ಲಿ ಆ ಬಣ್ಣ ಇರಲಿಕ್ಕಿಲ್ಲ, ಆದ್ದರಿಂದ ಬಣ್ಣಕ್ಕಿಂತ ಅಳತೆಯನ್ನೇ ನಂಬಿ.

ಹಂತ 6: ಡ್ರಾಯಿಂಗ್ ಓದುವುದು

ಕಾರ್ಖಾನೆಯಲ್ಲಿ ಬೆಲೆಯಿರುವುದು ಡ್ರಾಯಿಂಗ್ ಓದಬಲ್ಲವರಿಗೆ. ಪ್ರತಿ ಪ್ಯಾನೆಲ್‌ಗೂ ಎರಡು ಬಗೆಯ ಚಿತ್ರಗಳಿರುತ್ತವೆ. ಮೋಟಾರಿಗೆ ಹೋಗುವ ದಪ್ಪ ತಂತಿಗಳ ಮಾರ್ಗ ತೋರಿಸುವುದು ಪವರ್ ಸರ್ಕ್ಯೂಟ್. ಆ ಮಾರ್ಗವನ್ನು ಯಾವಾಗ ತೆರೆಯಬೇಕು (ಕರೆಂಟ್ ಕಡಿಯಬೇಕು), ಯಾವಾಗ ಮುಚ್ಚಬೇಕು (ಕರೆಂಟ್ ಹರಿಯಬಿಡಬೇಕು) ಎಂದು ನಿರ್ಧರಿಸುವುದು ಕಂಟ್ರೋಲ್ ಸರ್ಕ್ಯೂಟ್. ಎರಡರ ನಡುವಣ ಕೊಂಡಿ ಕಾಂಟ್ಯಾಕ್ಟರ್. ಅದರ ಕಾಯಿಲ್‌ಗೆ ವಿದ್ಯುತ್ ಕೊಟ್ಟಾಗ ಅಯಸ್ಕಾಂತದ ಬಲದಿಂದ ಮುಚ್ಚಿಕೊಳ್ಳುವ ದೊಡ್ಡ ಸ್ವಿಚ್ ಎಂದು ತಿಳಿಯಿರಿ.

ಸ್ಟಾರ್ಟ್ ಮತ್ತು ಸ್ಟಾಪ್ ಬಟನ್‌ಗಳಿರುವ ಸರಳ ಸ್ಟಾರ್ಟರಿನ ಚಿತ್ರವನ್ನು ನೋಡದೆ ಬರೆಯುವಷ್ಟು ಅಭ್ಯಾಸ ಮಾಡಿ. ಸ್ಟಾಪ್ ಬಟನ್ ಒತ್ತದಿರುವಾಗ ಮುಚ್ಚಿಯೇ ಇರುತ್ತದೆ, ಸ್ಟಾರ್ಟ್ ಬಟನ್ ತೆರೆದಿರುತ್ತದೆ. ಸ್ಟಾರ್ಟ್ ಒತ್ತಿದಾಗ ಎ1, ಎ2 ಎಂಬ ಗುರುತಿನ ಕಾಯಿಲ್ ತುದಿಗಳಿಗೆ ವಿದ್ಯುತ್ ಬಂದು ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ. ಅದರೊಂದಿಗೆ 13-14 ಎಂಬ ಸಹಾಯಕ ಕಾಂಟ್ಯಾಕ್ಟೂ ಮುಚ್ಚಿಕೊಂಡು, ಬೆರಳು ತೆಗೆದ ಮೇಲೂ ಕಾಯಿಲ್‌ಗೆ ದಾರಿ ಉಳಿಸುತ್ತದೆ. ಇದನ್ನು ಹೋಲ್ಡಿಂಗ್ ಎನ್ನುತ್ತಾರೆ. ಮೋಟಾರ್ ಮಿತಿಮೀರಿ ಕರೆಂಟ್ ಎಳೆದಾಗ ಕೆಲಸ ಮಾಡುವ ಓವರ್‌ಲೋಡ್ ರಿಲೇಯ 95-96 ಕಾಂಟ್ಯಾಕ್ಟ್ ತೆರೆದುಕೊಂಡರೆ ಆ ದಾರಿ ಕಡಿದು ಮೋಟಾರ್ ನಿಲ್ಲುತ್ತದೆ. ಸ್ಟಾಪ್ ಬಟನ್ ಏಕೆ ಮುಚ್ಚಿರುವ ಬಗೆಯದೇ ಆಗಿರಬೇಕು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ: ಅದರ ತಂತಿ ತುಂಡಾದರೆ ಯಂತ್ರ ನಿಲ್ಲಬೇಕೇ ಹೊರತು, ನಿಲ್ಲಿಸಲಾಗದೆ ಓಡುತ್ತಿರಬಾರದು. ಡ್ರಾಯಿಂಗಿನ ಪ್ರತಿಯೊಂದು ಗೆರೆಯ ಹಿಂದೆಯೂ ಇಂಥದ್ದೊಂದು ಕಾರಣವನ್ನು ಹುಡುಕುವ ಅಭ್ಯಾಸ ಬಂದರೆ ಕಲಿಕೆಯ ವೇಗವೇ ಬೇರೆಯಾಗುತ್ತದೆ.

ಹಂತ 7: ಮೋಟಾರು

ಮೋಟಾರಿನ ಮೈಮೇಲಿನ ಲೋಹದ ಫಲಕವನ್ನು ಓದದೆ ಅದನ್ನು ಮುಟ್ಟಬೇಡಿ. 7.5 ಕಿಲೋವ್ಯಾಟ್, 400 ವೋಲ್ಟ್, ಪವರ್ ಫ್ಯಾಕ್ಟರ್ 0.85, ದಕ್ಷತೆ ಶೇ. 88 ಎಂದಿದ್ದರೆ ಕರೆಂಟ್ ಎಷ್ಟು? 7,500ನ್ನು 1.732, 400, 0.85 ಮತ್ತು 0.88 ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 14.5 ಆಂಪಿಯರ್ ಬರುತ್ತದೆ. ಲೆಕ್ಕ ಮಾಡಿ, ಫಲಕದ ಅಂಕಿಯೊಂದಿಗೆ ಹೋಲಿಸಿ, ಆಮೇಲೆ ಓಡುತ್ತಿರುವ ಮೋಟಾರಿನ ಮೂರೂ ಫೇಸ್‌ಗಳನ್ನು ತಂತಿಯನ್ನು ಸುತ್ತುವರಿದು ಕರೆಂಟ್ ಅಳೆಯುವ ಟಂಗ್ ಟೆಸ್ಟರಿನಿಂದ ಅಳೆದು ನೋಡಿ. ಮೂರರಲ್ಲಿ ಒಂದು ತೀರ ಬೇರೆಯಾಗಿದ್ದರೆ ಎಲ್ಲೋ ಸಡಿಲ ಜೋಡಣೆಯಿದೆ ಅಥವಾ ಒಂದು ಫೇಸ್ ಹೋಗುವ ಹಾದಿಯಲ್ಲಿದೆ. ಒಂದು ಫೇಸ್ ತಪ್ಪಿದರೂ ಓಡುತ್ತಲೇ ಇರುವ ಮೋಟಾರ್ ಸುಟ್ಟುಹೋಗುವುದು ಸಾಮಾನ್ಯ.

ನೇರವಾಗಿ ಚಾಲೂ ಮಾಡಿದಾಗ ಮೋಟಾರ್ ಆರರಿಂದ ಎಂಟು ಪಟ್ಟು ಕರೆಂಟ್ ಎಳೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 90ರಿಂದ 115 ಆಂಪಿಯರ್. ಮೋಟಾರಿನ ಸುರುಳಿಗಳನ್ನು ಮೊದಲು ಸ್ಟಾರ್ (ನಕ್ಷತ್ರ) ರೂಪದಲ್ಲಿ, ವೇಗ ಬಂದ ಮೇಲೆ ಡೆಲ್ಟಾ (ತ್ರಿಕೋನ) ರೂಪದಲ್ಲಿ ಜೋಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬಳಸಿದರೆ ಆರಂಭದ ಕರೆಂಟ್ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ತಿರುಗಿಸುವ ಬಲವೂ ಮೂರನೆಯ ಒಂದು ಭಾಗಕ್ಕೇ ಇಳಿಯುತ್ತದೆ. ಭಾರ ಹೊತ್ತೇ ಹೊರಡಬೇಕಾದ ಯಂತ್ರಕ್ಕೆ ಅದು ಒಗ್ಗುವುದಿಲ್ಲ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಫಲಕದಲ್ಲಿ 230/400 ವೋಲ್ಟ್ ಎಂದಿರುವ ಮೋಟಾರನ್ನು 400 ವೋಲ್ಟಿನ ಸರಬರಾಜಿನಲ್ಲಿ ಡೆಲ್ಟಾಕ್ಕೆ ಜೋಡಿಸಿದರೆ ಅದು ಸುಡುತ್ತದೆ. ಅಲ್ಲಿ ಸ್ಟಾರ್-ಡೆಲ್ಟಾ ಬೇಕೆಂದರೆ 400/690 ಎಂದಿರುವ ಮೋಟಾರ್ ಬೇಕು. ಎರಡನೆಯದು, ಓವರ್‌ಲೋಡ್ ರಿಲೇ ಡೆಲ್ಟಾದ ಒಳಗಿನ ಮಾರ್ಗದಲ್ಲಿದ್ದರೆ ಅದನ್ನು ಪೂರ್ಣ ಕರೆಂಟಿಗಲ್ಲ, ಅದರ 0.58ರಷ್ಟಕ್ಕೆ, ಅಂದರೆ 14.5ರ ಬದಲು ಸುಮಾರು 8.4 ಆಂಪಿಯರಿಗೆ ಹೊಂದಿಸಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ರಿಲೇಯ ಗುಂಡಿಯನ್ನು ಮೇಲಕ್ಕೆ ತಿರುಗಿಸುವುದು ದುರಸ್ತಿಯಲ್ಲ. ಅದು ಮೋಟಾರಿನ ರಕ್ಷಣೆಯನ್ನೇ ಕಿತ್ತುಹಾಕಿದಂತೆ.

ಇನ್ಸುಲೇಷನ್ ಪರೀಕ್ಷೆಗೆ ಬಳಸುವ ಮೆಗ್ಗರ್ 500 ವೋಲ್ಟ್ ಡಿಸಿ ಕೊಡುತ್ತದೆ. 400 ವೋಲ್ಟಿನ ಸರ್ಕ್ಯೂಟಿಗೆ ಕನಿಷ್ಠ 1 ಮೆಗಾಓಮ್ ಬರಬೇಕು. ಡ್ರೈವ್‌ಗೆ ಜೋಡಿಸಿದ ಮೋಟಾರಾದರೆ ಕೇಬಲನ್ನು ಡ್ರೈವ್‌ನಿಂದ ಬಿಚ್ಚಿಯೇ ಮೆಗ್ಗರ್ ಹಾಕಬೇಕು, ಇಲ್ಲವಾದರೆ ದುಬಾರಿ ಡ್ರೈವ್ ಒಂದೇ ಕ್ಷಣದಲ್ಲಿ ಹಾಳಾಗುತ್ತದೆ.

ಹಂತ 8: ಡ್ರೈವ್, ಸೆನ್ಸರ್, ಪಿಎಲ್‌ಸಿ

ಮೋಟಾರಿನ ವೇಗ ಬದಲಿಸುವ ಡ್ರೈವ್ ಒಳಬಂದ ವಿದ್ಯುತ್ತನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ. 400 ವೋಲ್ಟಿನ ಸರಬರಾಜಿಗೆ ಅದು ಸುಮಾರು 565 ವೋಲ್ಟ್ ಡಿಸಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಹಲವು ನಿಮಿಷ ಉಳಿದಿರುತ್ತದೆ. ತಯಾರಕರು ಬರೆದಷ್ಟು ಹೊತ್ತು ಕಾದು, ಮೀಟರನ್ನು ಡಿಸಿಗೆ ಬದಲಿಸಿ ಅಳೆದ ನಂತರವೇ ಕೈ ಹಾಕಿ.

ಸೆನ್ಸರ್‌ಗಳ ಲೋಕದಲ್ಲಿ 4-20 ಮಿಲಿಆಂಪಿಯರ್ ಸಂಕೇತವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ. ಸೊನ್ನೆಯ ಬದಲು ನಾಲ್ಕರಿಂದ ಆರಂಭಿಸಿದ್ದರ ಲಾಭವೆಂದರೆ, ಟ್ಯಾಂಕ್ ಖಾಲಿಯಿದ್ದರೆ 4 ಬರುತ್ತದೆ, ತಂತಿ ತುಂಡಾಗಿದ್ದರೆ 0 ಬರುತ್ತದೆ. ಎರಡನ್ನೂ ಬೇರ್ಪಡಿಸಿ ಗುರುತಿಸಬಹುದು. 12 ಬಂದರೆ ಟ್ಯಾಂಕ್ ಅರ್ಧ ತುಂಬಿದೆ.

ಇನ್ನು ಪಿಎಲ್‌ಸಿ, ಅಂದರೆ ಪ್ರೋಗ್ರಾಂ ಬರೆದು ಯಂತ್ರವನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್. ಎಲ್ಲರಿಗೂ ಇದನ್ನೇ ಮೊದಲು ಕಲಿಯುವ ಆತುರ. 1968ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ರಿಲೇಗಳ (ಕಾಂಟ್ಯಾಕ್ಟರಿನಂಥ ಸಣ್ಣ ಸ್ವಿಚ್‌ಗಳ) ಗೋಡೆಗಳಿಗೆ ಬದಲಿ ವ್ಯವಸ್ಥೆ ಬೇಕೆಂದು ಕೇಳಿದಾಗ ಡಿಕ್ ಮಾರ್ಲೆ ಮತ್ತು ಅವರ ಸಂಗಡಿಗರು ರೂಪಿಸಿದ ಮೋಡಿಕಾನ್ 084 ಈ ಬಗೆಯ ಮೊದಲ ಯಂತ್ರಗಳಲ್ಲಿ ಒಂದು. ಅದರ ಪ್ರೋಗ್ರಾಂ ರಿಲೇ ಡ್ರಾಯಿಂಗಿನಂತೆಯೇ ಏಣಿಯ (ಲ್ಯಾಡರ್) ರೂಪದಲ್ಲಿತ್ತು, ಆದ್ದರಿಂದ ಎಲೆಕ್ಟ್ರಿಷಿಯನ್‌ಗಳು ಹೊಸ ಭಾಷೆಯೇನೂ ಕಲಿಯಬೇಕಾಗಲಿಲ್ಲ. ಇಂದಿಗೂ ಹಾಗೆಯೇ: ಆರನೆಯ ಹಂತ ಗಟ್ಟಿಯಾಗಿದ್ದವರಿಗೆ ಲ್ಯಾಡರ್ ಓದುವುದು ಕೆಲವು ವಾರಗಳ ಮಾತು, ಅದಿಲ್ಲದವರು ಪರದೆಯ ಮೇಲೆ ಹಸಿರು ಗೆರೆಗಳನ್ನು ನೋಡುತ್ತಾ ಕೂರುತ್ತಾರೆ, ದೋಷ ಮಾತ್ರ ಹೊರಗೆ ಮುರಿದ ಲಿಮಿಟ್ ಸ್ವಿಚ್‌ನಲ್ಲಿ (ಯಂತ್ರದ ಭಾಗ ಬಂದು ತಾಗಿದಾಗ ಒತ್ತುವ ಸ್ವಿಚ್) ಇರುತ್ತದೆ. ಚಾಲ್ತಿಯಲ್ಲಿರುವ ಪ್ರೋಗ್ರಾಂ ಅನ್ನು ಅನುಮತಿಯಿಲ್ಲದೆ, ಬ್ಯಾಕಪ್ ತೆಗೆಯದೆ ಎಂದಿಗೂ ಬದಲಿಸಬೇಡಿ.

ಹಂತ 9: ದೋಷ ಹುಡುಕುವ ಕ್ರಮ

ಮೊದಲು ಯಂತ್ರ ನಡೆಸುವವರನ್ನು ಕೇಳಿ: ನಿಲ್ಲುವ ಮೊದಲು ಏನಾಯಿತು, ಯಾವ ಶಬ್ದ ಬಂತು, ನಿನ್ನೆ ಯಾರಾದರೂ ಏನಾದರೂ ಬದಲಿಸಿದ್ದರೇ? ಆನಂತರ ಕಣ್ಣು ಮತ್ತು ಮೂಗಿನಿಂದ ಪರೀಕ್ಷಿಸಿ. ಸುಟ್ಟ ವಾಸನೆ, ಕಪ್ಪಾದ ಟರ್ಮಿನಲ್, ಬಿದ್ದಿರುವ ಎಂಸಿಬಿ. ಆಮೇಲೆ ಡ್ರಾಯಿಂಗ್, ಕೊನೆಗೆ ಮೀಟರ್. ಸುರಕ್ಷತಾ ಸ್ವಿಚ್‌ಗಳು ಹದಿನಾರು ಸಾಲಾಗಿ ಜೋಡಣೆಯಾಗಿದ್ದು ಎಲ್ಲೋ ಒಂದು ತೆರೆದಿದೆ ಎಂದುಕೊಳ್ಳಿ. ಒಂದು ತುದಿಯಿಂದ ಅಳೆಯುತ್ತಾ ಹೋದರೆ ಹದಿನೈದು ಅಳತೆಗಳಾಗಬಹುದು. ಮಧ್ಯದಲ್ಲಿ ಅಳೆದು, ಅಲ್ಲಿಗೆ ವೋಲ್ಟೇಜ್ ಬಂದಿದೆಯೇ ಎಂದು ನೋಡಿ, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾ ಹೋದರೆ ನಾಲ್ಕೇ ಅಳತೆಗಳಲ್ಲಿ ಸಿಗುತ್ತದೆ.

ಇಂಥ ಅಳತೆಗಳು ಜೀವಂತ ಪ್ಯಾನೆಲ್‌ನಲ್ಲಿ ನಡೆಯುವುದರಿಂದ ಅಪ್ರೆಂಟಿಸ್ ಆಗಿರುವಷ್ಟು ಕಾಲ ಒಬ್ಬರೇ ಮಾಡಬೇಡಿ, ಯಾರು ಅವಸರಪಡಿಸಿದರೂ ಸರಿ. ಯಂತ್ರ ಓಡಲೆಂದು ಸುರಕ್ಷತಾ ಸ್ವಿಚ್‌ಗೆ ತಂತಿ ಸುತ್ತಿ ಬೈಪಾಸ್ ಮಾಡಲು ಹೇಳಿದರೆ ನಿರಾಕರಿಸಿ. ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದರೆ ಸಾಮಾನ್ಯವಾಗಿ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ನಿಷೇಧ ಕರೆಂಟ್ ಟ್ರಾನ್ಸ್‌ಫಾರ್ಮರಿನದು, ಅಂದರೆ ಮುಖ್ಯ ತಂತಿಯ ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸುವ ಸಾಧನದ್ದು. ಮುಖ್ಯ ತಂತಿಯಲ್ಲಿ ಕರೆಂಟ್ ಹರಿಯುತ್ತಿರುವಾಗ ಅದರ ಮೀಟರ್ ಕಡೆಯ ತಂತಿಗಳನ್ನು ಬಿಚ್ಚಿದರೆ ಅಲ್ಲಿ ಅಪಾಯಕಾರಿ ವೋಲ್ಟೇಜ್ ಏಳುತ್ತದೆ. ಬಿಚ್ಚಲೇಬೇಕಾದರೆ ಮೊದಲು ಆ ಎರಡು ತುದಿಗಳನ್ನು ಶಾರ್ಟ್ ಮಾಡಬೇಕು.

ಹಂತ 10: ಲಾಗ್‌ಬುಕ್, ಪರೀಕ್ಷೆ, ಪರವಾನಗಿ

ಲಾಗ್‌ಬುಕ್ ಎಂದರೆ ನೀವು ಮಾಡಿದ ಕೆಲಸಗಳ ದಿನಚರಿ. ‘ಮೋಟಾರ್ ಕೆಲಸ ಮಾಡಿದೆ’ ಎಂದು ಬರೆದರೆ ಅದಕ್ಕೆ ಬೆಲೆಯಿಲ್ಲ. ‘7.5 ಕಿಲೋವ್ಯಾಟ್ ಪಂಪ್ ಮೋಟಾರ್ ಟ್ರಿಪ್ ಆಗುತ್ತಿತ್ತು. ಮೂರು ಫೇಸ್ ಕರೆಂಟ್ ಅಳೆದಾಗ ಒಂದರಲ್ಲಿ ಕಡಿಮೆ. ಕಾಂಟ್ಯಾಕ್ಟರಿನ ಸುಟ್ಟ ಕಾಂಟ್ಯಾಕ್ಟ್ ಪತ್ತೆಯಾಯಿತು. ಲಾಕ್‌ಔಟ್ ಮಾಡಿ ಬದಲಿಸಲಾಯಿತು. ನಂತರ ಮೂರೂ ಸಮ’ ಎಂದು, ಅಳತೆಗಳ ಸಮೇತ ಬರೆಯಿರಿ. ಅಂತಿಮ ಪರೀಕ್ಷೆಯ ಮೌಖಿಕ ಭಾಗದಲ್ಲಿ ಇದೇ ನಿಮ್ಮ ನೆನಪಿಗೆ ನೆರವಾಗುತ್ತದೆ. ಪ್ರತಿ ವಾರ ಮೇಲ್ವಿಚಾರಕರ ಸಹಿ ಪಡೆಯಿರಿ. ಆರು ತಿಂಗಳು ಬಿಟ್ಟು ಒಟ್ಟಿಗೆ ಪಡೆಯೋಣವೆಂದರೆ ಅಷ್ಟರಲ್ಲಿ ಅವರು ಬೇರೆ ಕಂಪನಿಗೆ ಹೋಗಿರುತ್ತಾರೆ. ನಾಲ್ಕಾರು ತಿಂಗಳಿಗೊಮ್ಮೆ ಪುಟಗಳನ್ನು ತಿರುವಿ, ಒಪ್ಪಂದದಲ್ಲಿ ಹೇಳಿದ ಯಾವ ವಿಭಾಗ ಇನ್ನೂ ಬಂದಿಲ್ಲ ಎಂದು ನೋಡಿ, ಆ ಪುಟಗಳನ್ನೇ ಮುಂದಿಟ್ಟು ವಿಭಾಗ ಬದಲಾವಣೆಯನ್ನು ಕೇಳಿ.

ಅಂತಿಮ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಲಿಖಿತ ಭಾಗದ ಜೊತೆಗೆ ಸರ್ಕ್ಯೂಟ್ ಜೋಡಿಸುವುದು ಮತ್ತು ಬೇಕೆಂದೇ ಇಟ್ಟ ದೋಷವನ್ನು ಹುಡುಕುವುದು ಇರುತ್ತವೆ. ಟರ್ಮಿನಲ್‌ಗಳ ಬಿಗಿತ, ತಂತಿಯ ತುದಿಗೆ ಹಾಕುವ ಫೆರೂಲ್‌ಗಳ ಅಂದ, ತಂತಿಗಳ ಸಂಖ್ಯಾಗುರುತು ಇವುಗಳಿಗೂ ಅಂಕಗಳಿರುತ್ತವೆ. ಅಳೆಯದೆ ಮುಟ್ಟಿದವರನ್ನು ಅಲ್ಲಿಯೇ ಅನುತ್ತೀರ್ಣಗೊಳಿಸುವ ಪರೀಕ್ಷಕರೂ ಇದ್ದಾರೆ.

ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವೂ ವಿದ್ಯುತ್ ಕೆಲಸದ ಪರವಾನಗಿಯೂ ಬಹಳ ಕಡೆ ಬೇರೆ ಬೇರೆ ದಾಖಲೆಗಳು. ಮೊದಲನೆಯದು ಕಲಿತದ್ದಕ್ಕೆ ಸಾಕ್ಷಿ. ಎರಡನೆಯದು ಸ್ವತಂತ್ರವಾಗಿ ಕೆಲಸ ಮಾಡಲು ಸಿಗುವ ಕಾನೂನಿನ ಅನುಮತಿ, ಅದಕ್ಕೆ ಪ್ರತ್ಯೇಕ ಅರ್ಜಿ ಬೇಕಾಗಬಹುದು. ಪರವಾನಗಿ ಕೊಡುವ ಪ್ರಾಧಿಕಾರ ಯಾವ ಬಗೆಯ, ಎಷ್ಟು ಅವಧಿಯ ಅನುಭವ ಕೇಳುತ್ತದೆ ಎಂಬುದನ್ನು ಕೊನೆಯ ವರ್ಷದ ಆರಂಭದಲ್ಲೇ ವಿಚಾರಿಸಿ, ಲಾಗ್‌ಬುಕ್ಕಿನ ಸಹಿಮಾಡಿದ ಪ್ರತಿಗಳನ್ನೂ ಅನುಭವ ಪತ್ರವನ್ನೂ ಕಂಪನಿ ಬಿಡುವ ಮೊದಲೇ ಕೈಗೆ ಪಡೆದುಕೊಳ್ಳಿ.